ನಂಬರ್ ನೋಡಬೇಡಿ, ಮಗುವಿನ ವಯಸ್ಸು ನೋಡಿ

ದುಬೈಯಿಂದ ಊರಿಗೆ ವಾಪಸ್ ಬರುವ ಮಕ್ಕಳನ್ನು ಯಾವ ಕ್ಲಾಸಿಗೆ ಸೇರಿಸಬೇಕು ಎಂಬ ವಿಷಯದಲ್ಲಿ ನಮ್ಮ ಕರಾವಳಿಯಲ್ಲಿ ಎರಡು ಲೆಕ್ಕ ನಡೆಯುತ್ತಿದೆ. ಒಂದು ಸರಿಯಾದ ಲೆಕ್ಕ, ಅದಕ್ಕೆ ಅಪ್ಪ ಅಮ್ಮ ಜಗಳ ತೆಗೆಯುತ್ತಾರೆ. ಇನ್ನೊಂದು ತಪ್ಪು ಲೆಕ್ಕ, ಅದನ್ನು ಬಾಯಿ ಮುಚ್ಚಿಕೊಂಡು ಒಪ್ಪುತ್ತಾರೆ. ನಮ್ಮ ತಕರಾರು ಈ ಎರಡನೆಯದರ ಮೇಲೆ.

ಮೊದಲು ಸರಿಯಾದ ಲೆಕ್ಕ ನೋಡೋಣ. ದುಬೈಯ ಬ್ರಿಟಿಷ್ ಪಠ್ಯದ ಶಾಲೆಗಳಲ್ಲಿ ಕ್ಲಾಸ್ ಎನ್ನುವುದಿಲ್ಲ, ‘ಇಯರ್’ ಎನ್ನುತ್ತಾರೆ. ಸುಮಾರು 5 ವರ್ಷದ ಮಗು ಇಯರ್ 1ಕ್ಕೆ ಹೋಗುತ್ತದೆ. ನಮ್ಮಲ್ಲಿ 1ನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ (2025-26ರಲ್ಲಿ ಒಂದು ಸಲಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಇಳಿಸಿದ್ದರು). ಅಂದರೆ ಅಲ್ಲಿಯ ಇಯರ್ 2 ನಮ್ಮ 1ನೇ ತರಗತಿ. ಇಯರ್ 6 ನಮ್ಮ 5. ಇಯರ್ 11ರಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆ ನಮ್ಮ ಎಸ್ಸೆಸ್ಸೆಲ್ಸಿ ಮಟ್ಟದ್ದು. ನೆನಪಿಡಲು ಸುಲಭ: ಅಲ್ಲಿ ಎಷ್ಟನೇ ಇಯರ್ ಮುಗಿಸಿದೆಯೋ, ಇಲ್ಲಿ ಅದೇ ಸಂಖ್ಯೆಯ ತರಗತಿಗೆ ಸೇರಬೇಕು. ಇಯರ್ 5 ಮುಗಿಸಿದ ಹುಡುಗಿ ಇಲ್ಲಿ 5ನೇ ತರಗತಿಗೆ. ಆಕೆಯನ್ನು ಹೆಡ್‌ಮಾಷ್ಟ್ರು ಹಿಂದೆ ಹಾಕಿದ್ದಲ್ಲ, ಅವಳ ವಯಸ್ಸಿನವರ ಜೊತೆಗೇ ಕೂರಿಸಿದ್ದು.

ಹಾಗೆಯೇ ಇಲ್ಲಿಂದ ಹೋದವರು ‘ನಮ್ಮ ಮಗನಿಗೆ ಅಲ್ಲಿ ಡಬ್ಬಲ್ ಪ್ರಮೋಶನ್’ ಎಂದು ಮದುವೆ ಹಾಲ್‌ನಲ್ಲಿ ಹೇಳಿಕೊಳ್ಳುವುದೂ ಬೇಡ. 4 ಮುಗಿಸಿದವನನ್ನು ಇಯರ್ 6ಕ್ಕೆ ಹಾಕಿದರೆ ಬದಲಾದದ್ದು ಬೋರ್ಡಿನ ಮೇಲಿನ ಅಂಕೆ ಮಾತ್ರ.

ಬ್ರಿಟಿಷ್ ಶಾಲೆಯ ಫೀಸು ಎಲ್ಲರ ಕೈಗೆ ಎಟುಕುವುದಿಲ್ಲ. ನಮ್ಮ ಕಡೆಯ ಬಹಳಷ್ಟು ಮಕ್ಕಳು ಅಲ್ಲಿ ಓದುವುದು ಸಿಬಿಎಸ್‌ಇ ಪಠ್ಯದ ಇಂಡಿಯನ್ ಶಾಲೆಗಳಲ್ಲಿ. ಅಲ್ಲಿ ಅಂಕೆಯ ಗೊಂದಲವೇ ಇಲ್ಲ, 5 ಅಂದರೆ 5. ಶಾಲೆ ಶುರುವಾಗುವುದು ಮಾತ್ರ ಏಪ್ರಿಲ್‌ನಲ್ಲಿ.

ಹಾಗಿದ್ದರೂ ಈ ಮಕ್ಕಳನ್ನು ಇಲ್ಲಿ ಒಂದು ಕ್ಲಾಸು, ಕೆಲವೊಮ್ಮೆ ಎರಡು ಕ್ಲಾಸು ಕೆಳಗೆ ತಳ್ಳುತ್ತಾರೆ. ಕಾರಣ ಕೇಳಿದರೆ ಉತ್ತರ ಒಂದೇ: ‘ಕನ್ನಡ ಓದಲಿಕ್ಕೆ ಬರುವುದಿಲ್ಲ.’ ಇದೇ ಆ ತಪ್ಪು ಲೆಕ್ಕ. ಗಣಿತ ಬರುತ್ತದೆ, ವಿಜ್ಞಾನ ಬರುತ್ತದೆ, ಇಂಗ್ಲಿಷ್ ಬರುತ್ತದೆ. ಬರದಿರುವುದು ಒಂದು ವಿಷಯ. ಆ ಒಂದಕ್ಕಾಗಿ ಎಲ್ಲ ವಿಷಯಗಳನ್ನೂ ಇನ್ನೊಂದು ವರ್ಷ ಓದಿಸುವುದು ಯಾವ ನ್ಯಾಯ? ಅಪ್ಪನ ಕೆಲಸ ಹೋಗಿ ಊರಿಗೆ ಬಂದ ಮನೆಯದು ಮೊದಲೇ ಕಷ್ಟದ ಕಾಲ. ತನಗಿಂತ ಚಿಕ್ಕವರ ನಡುವೆ ಕೂತ ಹುಡುಗ ಶಾಲೆಯ ಮೇಲೆಯೇ ಬೇಸರ ಪಟ್ಟರೆ ಆಶ್ಚರ್ಯವಿಲ್ಲ.

ಕಾನೂನು ಏನು ಹೇಳುತ್ತದೆ? 6ರಿಂದ 14 ವರ್ಷದ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಶಾಲೆಗೇ ಸೇರದ, ಇಲ್ಲವೇ ಅರ್ಧಕ್ಕೆ ಬಿಟ್ಟ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಸರಿಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ ಅದರ ಸೆಕ್ಷನ್ 4. ಶಾಲೆಯ ಮೆಟ್ಟಿಲೇ ಹತ್ತದ ಮಗುವಿಗೆ ಈ ಹಕ್ಕು ಇರುವಾಗ, ವರ್ಷಗಟ್ಟಲೆ ತಪ್ಪದೆ ಶಾಲೆಗೆ ಹೋದ ಮಗುವನ್ನು ಹಿಂದೆ ತಳ್ಳುವುದು ಹೇಗೆ ಸರಿಯಾಗುತ್ತದೆ? ಪ್ರವೇಶಕ್ಕೆ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವಂತಿಲ್ಲ ಎನ್ನುತ್ತದೆ ಸೆಕ್ಷನ್ 13. ಪಾಠ ಹೇಳಲು ಮಟ್ಟ ನೋಡುವುದು ಬೇರೆ, ಬಾಗಿಲು ಹಾಕಲು ಪರೀಕ್ಷೆ ಮಾಡುವುದು ಬೇರೆ. ಟಿ.ಸಿ. ತಡವಾಯಿತು ಎಂಬ ನೆಪದಲ್ಲಿ ಪ್ರವೇಶ ತಡೆಯುವಂತಿಲ್ಲ ಎಂಬ ಮಾತು ಸೆಕ್ಷನ್ 5ರಲ್ಲಿದೆ. ದುಬೈಯ ಟಿ.ಸಿ.ಗೆ ಅಟೆಸ್ಟೇಶನ್ ಆಗಿ ಬರಲು ಸಮಯ ಬೇಕು. ಅಷ್ಟು ದಿನ ಮಗು ಮನೆಯಲ್ಲಿ ಕೂರಬೇಕೇ?

‘ಹಾಗಾದರೆ ಕನ್ನಡ ಬೇಡವೇ?’ ಎಂದು ಕೆಲವರು ಕೇಳಬಹುದು. ಬೇಕು, ಖಂಡಿತ ಬೇಕು. ಕನ್ನಡ ಕಲಿಯದೆ ಈ ಮಕ್ಕಳು ಊರಿನವರಾಗುವುದಿಲ್ಲ. ಆದರೆ ಕನ್ನಡ ಕಲಿಸುವುದು ಶಾಲೆಯ ಕೆಲಸ, ಕನ್ನಡವನ್ನು ಶಿಕ್ಷೆ ಮಾಡುವುದಲ್ಲ. ಯುಎಇಯ ಖಾಸಗಿ ಶಾಲೆಗಳಲ್ಲಿ ಅರೇಬಿಕ್ ಕಡ್ಡಾಯ ವಿಷಯ. ಅರಬ್ಬರಲ್ಲದ ಮಕ್ಕಳಿಗೆ ಅದನ್ನು ಬೇರೆ ಪಾಠವಾಗಿ, ಅಲಿಫ್‌ನಿಂದಲೇ ಕಲಿಸುತ್ತಾರೆ. ಅರೇಬಿಕ್ ಗೊತ್ತಿಲ್ಲದ ನಮ್ಮ ಮಕ್ಕಳಿಗೆ ಪರದೇಶದವರು ಇಷ್ಟು ಮಾಡುವಾಗ, ನಮ್ಮದೇ ಮಕ್ಕಳಿಗೆ ನಾವು ದಿನಕ್ಕೆ ಒಂದು ಗಂಟೆ ಅ ಆ ಇ ಈ ಹೇಳಿಕೊಡಲಾರೆವೇ?

ಪೋಷಕರಿಗೆ ನಮ್ಮ ಮಾತು ಇಷ್ಟು. ಟಿ.ಸಿ.ಯ ಜೊತೆ ಜನನ ಪ್ರಮಾಣಪತ್ರ, ಹಿಂದಿನ ಎರಡು ವರ್ಷದ ಅಂಕಪಟ್ಟಿ ತನ್ನಿ. ಬ್ರಿಟಿಷ್ ಶಾಲೆಯಾದರೆ ವಾಪಸಾಗುವ ತೀರ್ಮಾನವನ್ನು ಆದಷ್ಟು ಇಯರ್ 9ರ ಒಳಗೇ ಮಾಡಿ. ಜಿಸಿಎಸ್‌ಇ ಪಾಠ ಸಾಮಾನ್ಯವಾಗಿ ಇಯರ್ 10, 11 ಎರಡು ವರ್ಷದ್ದು, ನಡುವೆ ಕಿತ್ತು ತಂದರೆ ಮಗುವಿಗೆ ಕಷ್ಟ. ದುಬೈಯಲ್ಲಿರುವಾಗಲೇ ಮನೆಯಲ್ಲಿ ಕನ್ನಡ ಅಕ್ಷರ ತಿದ್ದಿಸಿ. ಹೆಡ್‌ಮಾಷ್ಟ್ರು ಕೆಳಗಿನ ಕ್ಲಾಸು ಎಂದರೆ ಕಾರಣವನ್ನು ಬರೆದುಕೊಡಿ ಎಂದು ಕೇಳಿ, ಆ ಕಾಗದ ಹಿಡಿದು ಬಿಇಒ ಕಚೇರಿಗೆ ಹೋಗಿ.

ಬಿಇಒಗಳಿಗೆ, ಎಸ್‌ಡಿಎಂಸಿಗಳಿಗೆ ಎರಡು ಬೇಡಿಕೆ. ಇಯರ್ ಯಾವುದು, ನಮ್ಮ ತರಗತಿ ಯಾವುದು ಎಂಬ ಒಂದು ಪಟ್ಟಿಯನ್ನು ಪ್ರತಿ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿ. ಗಲ್ಫ್‌ನಿಂದ ಮಕ್ಕಳು ಬರುವ ಶಾಲೆಗಳಲ್ಲಿ ಸಂಜೆ ಒಂದು ಗಂಟೆ ಕನ್ನಡ ತರಗತಿ ನಡೆಸಿ. ಇದಕ್ಕೆ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಇಷ್ಟೂ ಮಾಡದೆ ಮಗುವಿನ ಒಂದು ವರ್ಷ ಕಿತ್ತುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ.