ಕೆಂಪು ಶಾಯಿ ಮತ್ತು ಬೆಳಗಿನ ಪತ್ರಿಕೆ



ಕಳೆದ ಭಾನುವಾರ ಪತ್ರಿಕೆ ಓದುತ್ತಿದ್ದಾಗ ನನಗರಿವಿಲ್ಲದೆಯೇ ಕೈ ಕೆಂಪು ಲೇಖನಿಯತ್ತ ಹೋಯಿತು. ‘ಉದ್ಗಾಟನೆ’, ‘ಶುಬ ಹಾರೈಕೆ’, ಒಂದೇ ವರದಿಯಲ್ಲಿ ಒಮ್ಮೆ ‘ಕೊರಟಗೆರೆ’, ಇನ್ನೊಮ್ಮೆ ‘ಕೋರಟಗೆರೆ’. ಒಂದು ಪುಟದಲ್ಲಿ ಹನ್ನೊಂದು ತಪ್ಪುಗಳು ಸಿಕ್ಕವು. ಮೇಷ್ಟರಿಗೆ ನಿವೃತ್ತಿಯೇ ಇಲ್ಲವೆಂದು ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ.

ಪತ್ರಿಕೆಯ ಹೆಸರು ಬೇಡ; ಇದು ಒಬ್ಬರ ರೋಗವೂ ಅಲ್ಲ. ಉದಾರ ವಿಚಾರಗಳಿಗೆ ಹೆಸರಾದದ್ದು, ಬಲ್ಲಿದರ ಮುಂದೆ ಬಡವರ ಪರ ನಿಲ್ಲುತ್ತದೆ ಎಂಬ ನಂಬಿಕೆಯಿಂದಲೇ ನಾನು ದಶಕಗಳಿಂದ ತರಿಸುತ್ತಿರುವುದು ಎಂದಷ್ಟೇ ಹೇಳುತ್ತೇನೆ.

ನಾನು ಪಾವಗಡದಲ್ಲಿ ಸೇವೆಯಲ್ಲಿದ್ದಾಗ ಬೆಂಗಳೂರಿನ ಪತ್ರಿಕೆಗಳ ಕಟ್ಟು ಬಸ್ಸಿನ ಮೇಲೇರಿ ಕೊರಟಗೆರೆ, ಮಧುಗಿರಿಗಳಲ್ಲಿ ಇಳಿದು ಮಿಕ್ಕದ್ದು ನಮ್ಮಲ್ಲಿಗೆ ತಲುಪುವಾಗ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಹಾಳೆಗಳನ್ನು ಬಿಡಿಸಿ ಸಹೋದ್ಯೋಗಿಗಳು ಹಂಚಿಕೊಂಡು ಓದುತ್ತಿದ್ದೆವು. ಸಂಪಾದಕೀಯದಿಂದ ನಾನು ಉಕ್ತಲೇಖನ ಬರೆಯಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು, ಬೈಗುಳವೂ ನೆನಪಿರಬಹುದು. ಕಾಗುಣಿತದ ಬಗ್ಗೆ ವಾದ ಬಂದರೆ ಪತ್ರಿಕೆಯಲ್ಲಿ ಹೇಗಿದೆಯೋ ಹಾಗೆ ಎಂಬುದೇ ತೀರ್ಪು.

ಆ ಭರವಸೆ ಸುಮ್ಮನೆ ಹುಟ್ಟಿದ್ದಲ್ಲ. 1948ರಲ್ಲಿ ಆರಂಭವಾದ ‘ಪ್ರಜಾವಾಣಿ’ಯಲ್ಲಿ ಟಿ.ಎಸ್. ರಾಮಚಂದ್ರರಾಯರ ‘ಛೂಬಾಣ’ವಿತ್ತು. ‘ಕನ್ನಡಪ್ರಭ’ದಲ್ಲಿ ಖಾದ್ರಿ ಶಾಮಣ್ಣ, ವೈಯೆನ್ಕೆ ಅವರಂಥ ಸಂಪಾದಕರಿದ್ದರು. 1980ರಲ್ಲಿ ಲಂಕೇಶರು ಜಾಹೀರಾತಿನ ಹಂಗಿಲ್ಲದೆ ವಾರಪತ್ರಿಕೆ ನಡೆಸಿ ತೋರಿಸಿದರು. ಇದೆಲ್ಲ ಮುದುಕನ ಹಳಹಳಿಕೆ ಎನ್ನುವವರಿಗಾಗಿ ಹತ್ತಿರದ ನಿದರ್ಶನ: 2012ರ ಏಪ್ರಿಲ್ 14ರ ‘ಪ್ರಜಾವಾಣಿ’ಗೆ ದೇವನೂರ ಮಹಾದೇವ ಅತಿಥಿ ಸಂಪಾದಕರಾಗಿದ್ದರು. ಅಂಥ ಸಂಚಿಕೆಯನ್ನು ಕೈಯಲ್ಲಿ ಹಿಡಿದ ಓದುಗ ಮರುದಿನವೂ ಅದನ್ನೇ ನಿರೀಕ್ಷಿಸಿದರೆ ತಪ್ಪೇನು?

ಅಕ್ಷರದೋಷವನ್ನು ಹೇಗಾದರೂ ಕ್ಷಮಿಸಬಹುದು. ನನ್ನ ಬೇಸರಕ್ಕೆ ಬೇರೆ ಕಾರಣವಿದೆ. ಸಂಪಾದಕೀಯದಲ್ಲಿ ಒಳ್ಳೆಯ ಮಾತನಾಡಿದರೆ ಉದಾರವಾದದ ಋಣ ತೀರಿತೆಂದು ಇವರು ತಿಳಿದಂತಿದೆ. ಒಂದು ಪುಟದಲ್ಲಿ ಮೌಢ್ಯದ ವಿರುದ್ಧ ಗಂಭೀರ ಲೇಖನ. ಪುಟ ತಿರುಗಿಸಿದರೆ ರಾಶಿಫಲ, ಅದರ ಕೆಳಗೆ ಇಪ್ಪತ್ನಾಲ್ಕು ಗಂಟೆಗಳಲ್ಲಿ ವಶೀಕರಣ ಮಾಡಿಕೊಡುವ ಪಂಡಿತರ ಮೊಬೈಲ್ ಸಂಖ್ಯೆ!

ಪಾವಗಡದ ಸೋಲಾರ್ ಪಾರ್ಕನ್ನೇ ನೋಡಿ. ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆ, 2,050 ಮೆಗಾವಾಟ್, ರೈತನಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭವಾದ ಗುತ್ತಿಗೆ. ಈ ಅಂಕಿಗಳನ್ನು ಪತ್ರಿಕೆಯಲ್ಲಿ ಎಷ್ಟು ಸಲ ಓದಿದೆನೋ. ಜಮೀನಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು ಗುತ್ತಿಗೆಯ ಹಣವೂ ಇಲ್ಲದೆ ಏನಾದರು ಎಂಬುದನ್ನು ನಾನು ತರಿಸುವ ಪತ್ರಿಕೆಯಲ್ಲಿ ಕಾಣಲಿಲ್ಲ. ತಿರುಮಣಿಗೆ ಹೋಗಿ ಒಂದು ದಿನ ಕುಳಿತರೆ ತಿಳಿಯುವ ಸಂಗತಿಯದು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಎಷ್ಟನೆಯ ಸ್ಥಾನವೆಂದು ಅಚ್ಚಾಗುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಗಣಿತದ ಮೇಷ್ಟರಿದ್ದಾರೆಯೇ ಎಂದು ಉಳಿದ ದಿನಗಳಲ್ಲಿ ವಿಚಾರಿಸುವವರಿಲ್ಲ.

ವರದಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಿರಾದ ಮದುವೆಯೊಂದರಲ್ಲಿ ಸಿಕ್ಕ. “ಏನಪ್ಪಾ, ನಿನ್ನ ಸುದ್ದಿಯೂ ಪಕ್ಕದ ಪತ್ರಿಕೆಯ ಸುದ್ದಿಯೂ ಅಕ್ಷರಶಃ ಒಂದೇ ಇರುತ್ತದಲ್ಲ?” ಎಂದೆ. ತಲೆ ತಗ್ಗಿಸಿದ. “ಪ್ರಕಟಣೆ ವಾಟ್ಸಾಪಿಗೆ ಬರುತ್ತೆ ಸಾರ್, ಹಾಗೇ ಕಳಿಸ್ತೀವಿ. ಹಳ್ಳಿಗೆ ಹೋದರೆ ಪೆಟ್ರೋಲ್ ನಂದೇ. ಹಬ್ಬಕ್ಕೆ ಇಷ್ಟು ಜಾಹೀರಾತು ತರಬೇಕು ಅಂತ ಬೇರೆ ಇರುತ್ತೆ,” ಎಂದ. ಯಾರಿಂದ ಜಾಹೀರಾತು ಕೇಳಬೇಕೋ ಅವರ ಬಗ್ಗೆಯೇ ಸುದ್ದಿಯನ್ನೂ ಬರೆಯಬೇಕಲ್ಲ! ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದ ಹುಡುಗ ಇವನು.

ಓದುಗರಾದ ನಾವೂ ಮುಗ್ಧರಲ್ಲ. 1999ರಲ್ಲಿ ‘ವಿಜಯ ಕರ್ನಾಟಕ’ ಬಂದ ಮೇಲೆ ಬೆಲೆಯ ಪೈಪೋಟಿ ನಡೆದಾಗ ಅಗ್ಗವಾಯಿತೆಂದು ಹಿಗ್ಗಿದೆವು. ಕಾಗದದ ಖರ್ಚೂ ಹುಟ್ಟದ ಬೆಲೆಗೆ ಕೊಂಡಾಗ ಮಿಕ್ಕದ್ದನ್ನು ಯಾರು ಭರಿಸುತ್ತಾರೆಂದು ನಾನೂ ಕೇಳಲಿಲ್ಲ. 2009ರ ಚುನಾವಣೆಯ ನಂತರ ಕಾಸಿಗಾಗಿ ಸುದ್ದಿಯ ಬಗ್ಗೆ ಪ್ರೆಸ್ ಕೌನ್ಸಿಲಿನ ಇಬ್ಬರು ಸದಸ್ಯರ ಉಪಸಮಿತಿ ವರದಿ ಕೊಟ್ಟಿತು. ಅದನ್ನು ಕೌನ್ಸಿಲ್ಲೇ 2010ರಲ್ಲಿ ಮೊಟಕುಗೊಳಿಸಿ ಪ್ರಕಟಿಸಿತು.

ಬಿಟ್ಟುಬಿಡಿ, ಮೊಬೈಲಿನಲ್ಲೇ ಎಲ್ಲ ಬರುತ್ತದೆ ಎಂದು ಮಗಳು ಹೇಳುತ್ತಾಳೆ. ಮೊಬೈಲಿನಲ್ಲಿ ತಪ್ಪು ಬಂದರೆ ಯಾರಿಗೆ ಪತ್ರ ಬರೆಯಲಿ? ತಪ್ಪುಗಳಿಗೆ ಗುರುತು ಹಾಕಿದ ಆ ಹಾಳೆಯನ್ನು, ಸೋಲಾರ್ ಪಾರ್ಕಿನ ಕೂಲಿಗಳ ಬಗೆಗಿನ ನನ್ನ ಪ್ರಶ್ನೆಯನ್ನು ಸೇರಿಸಿ, ಸಂಪಾದಕರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಪತ್ರಿಕೆ ಹಾಕುವ ಹುಡುಗನಿಗೆ ಈ ತಿಂಗಳ ಬಿಲ್ಲು ಕೊಟ್ಟಾಯಿತು. ಮುಂದಿನ ತಿಂಗಳಿಗೆ ಏನು ಹೇಳಬೇಕೆಂದು ಇನ್ನೂ ತೀರ್ಮಾನಿಸಿಲ್ಲ.