ಹಸಿನೆಲದ ಮೇಲೆ ಗಾಲಿಯ ಜಾಡು

ಅಶ್ವಿನಿ, ಭರಣಿ ಮಳೆಗಳು ಬಿದ್ದು ಮೋಡ ಕವಿದರೆ ಸಾಕು, ಹೊನ್ನಾಳಿ, ಚನ್ನಗಿರಿ ಕಡೆಯ ಗೆಳೆಯರ ಗುಂಪುಗಳು ಬೈಕೇರಿ ಗುಡ್ಡಗಳತ್ತ ಹೊರಡುತ್ತವೆ. ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರ, ಸೂಳೆಕೆರೆಯ ಸುತ್ತಲ ಬೆಟ್ಟಗಳು, ಜಗಳೂರಿನ ರಂಗಯ್ಯನದುರ್ಗ ಎಲ್ಲವೂ ಕೈಗೆಟಕುವ ದೂರ. ಬೇಸಿಗೆಯಲ್ಲಿ ಬೆಂದವರಿಗೆ ತಂಪಿನ ಆಸೆ ಸಹಜವೇ. ಆಕ್ಷೇಪವೇನಿದ್ದರೂ ದಾರಿ ಬಿಟ್ಟು ಇಳಿಜಾರಿಗೆ ಗಾಲಿ ಹತ್ತಿಸುವುದಕ್ಕೆ.

ಔಲಿಯ ಇಳಿಜಾರಿನಲ್ಲಿ ಗೆಳೆಯರೊಡನೆ ಜಾರುವವರ ಗುರುತು ವಸಂತದಲ್ಲಿ ಹಿಮದೊಡನೆಯೇ ಕರಗಿಹೋಗುತ್ತದೆ. ಕುರುಚಲು ಗುಡ್ಡದ ಮಣ್ಣಿಗೆ ಆ ಭಾಗ್ಯವಿಲ್ಲ. ತೊಯ್ದ ನೆಲದಲ್ಲಿ ಮೂಡಿದ ಜಾಡು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಇಂಗಬೇಕಾದ ನೀರು ಮೇಲ್ಮಣ್ಣನ್ನು ಹೊತ್ತು ಕೆರೆಗಿಳಿಯುತ್ತದೆ. ಹೂಳು ತುಂಬಿತೆಂದು ಗೋಳಾಡುವವರು ತಲೆಯೆತ್ತಿ ಗುಡ್ಡವನ್ನು ನೋಡುವುದು ಮಾತ್ರ ಅಪರೂಪ.

ರಂಗಯ್ಯನದುರ್ಗದ ಮಾತು ಇನ್ನೂ ಗಂಭೀರ. ನಾಲ್ಕು ಕೊಂಬಿನ ಕೊಂಡುಕುರಿಗಾಗಿಯೇ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ನೆಲವದು. ಹುಲ್ಲಿನ ಮರೆಯಲ್ಲಿ ಒಂಟಿಯಾಗಿಯೋ ಜೋಡಿಯಾಗಿಯೋ ಬದುಕುವ ಈ ನಾಚಿಕೆಯ ಪ್ರಾಣಿ ನೀರಿನಿಂದ ಬಹುದೂರ ಹೋಗದು. ಬರದ ತಾಲ್ಲೂಕಿನಲ್ಲಿ ಮೊದಲ ಮಳೆಗೆ ಚಿಗುರುವ ಹುಲ್ಲು, ತಗ್ಗಿನಲ್ಲಿ ನಿಲ್ಲುವ ನೀರು ಅದರ ಪಾಲು. ಬೈಕಿನ ಸದ್ದು ಬಂದೆಡೆ ಅದು ಆ ಪಾಲನ್ನೂ ಬಿಟ್ಟು ಓಡಬೇಕು.

ಧಾಮದೊಳಗಿನ ಪ್ರವೇಶವನ್ನು ನಿಯಂತ್ರಿಸಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಸಾಕು. ಉಳಿದ ಗುಡ್ಡಗಳ ಬುಡದಲ್ಲಿ ಒಂದು ಸರಪಳಿ, ಒಬ್ಬ ಕಾವಲುಗಾರನಿದ್ದರೆ ಆಯಿತು. ಮುಂದಿನ ಅಶ್ವಿನಿ ಮಳೆಗೆ ಮೊದಲೇ ಅರಣ್ಯ ಇಲಾಖೆಯೂ ಗ್ರಾಮ ಪಂಚಾಯಿತಿಗಳೂ ಇದನ್ನು ಮಾಡಲಿ. ಗೆಳೆಯರು ನಡೆದೇ ಹತ್ತಲಿ.