ಊರಿಗೇ ಮಣ್ಣಿನ ಮೇಕಪ್ಪು!

ಸೆಟ್ ಹಾಕೋದ್ರಲ್ಲಿ ನಮ್ಮ ಕಲಾ ನಿರ್ದೇಶಕರೇನೂ ಕಮ್ಮಿಯಿಲ್ಲ. ಪ್ಲೈವುಡ್ ಹೊಡೆದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಅರಮನೆ ನಿಲ್ಲಿಸಿಬಿಡ್ತಾರೆ. ಆದರೆ ಊರಿಗೆ ಊರೇ, ಅದೂ ಕಾನೂನಿನ ಪ್ರಕಾರ, ಸೆಟ್ಟಿನ ಹಾಗೆ ನಿಂತಿರೋದನ್ನ ನೋಡಬೇಕೇ? ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ರಾಜಧಾನಿ ಸ್ಯಾಂಟಾ ಫೆಗೆ ಹೋಗಬೇಕು ಸ್ವಾಮಿ!

ಸುಮಾರು 7000 ಅಡಿ ಎತ್ತರದ ಮರುಭೂಮಿ. ಸ್ಪೇನಿನವರು 1610ರಲ್ಲಿ ರಾಜಧಾನಿ ಮಾಡಿಕೊಂಡ ಊರು. ಅವರ ಗವರ್ನರುಗಳ ಅರಮನೆ ಇವತ್ತಿಗೂ ಊರ ಚೌಕದ ಪಕ್ಕದಲ್ಲೇ ಇದೆ. ಅರಮನೆ ಅಂದಾಕ್ಷಣ ಮೈಸೂರನ್ನ ನೆನೆಸ್ಕೋಬೇಡಿ; ಒಂದೇ ಅಂತಸ್ತಿನ, ಉದ್ದನೆಯ ಮಣ್ಣಿನ ಮನೆ. 1680ರಲ್ಲಿ ಅಲ್ಲಿನ ಪ್ಯೂಬ್ಲೋ ಜನ ದಂಗೆಯೆದ್ದು, ಬಂದವರನ್ನ ಓಡಿಸಿ, 12 ವರ್ಷ ಊರನ್ನ ತಾವೇ ಇಟ್ಟುಕೊಂಡಿದ್ದರು. ಈಗ ಅದೇ ಅರಮನೆಯ ಜಗಲಿಯಲ್ಲಿ ಮೂಲನಿವಾಸಿಗಳು ಬಟ್ಟೆ ಹಾಸಿ ಕೂತು ಬೆಳ್ಳಿ, ನೀಲಿಕಲ್ಲಿನ ಒಡವೆ ಮಾರ್ತಾರೆ. ಯಾವ ಚಿತ್ರಕಥೆಗಾರನಿಗೆ ಹೊಳೆದೀತು ಇಂಥ ಸೀನು!

ಕಾನೂನಿನ ವಿಷಯಕ್ಕೆ ಬರೋಣ. 1957ರಿಂದ ಹಳೇ ಭಾಗದಲ್ಲಿ ಏನೇ ಕಟ್ಟಿದರೂ ಹಳೇ ಸ್ಯಾಂಟಾ ಫೆಯ ಮುಖವೇ ಇರಬೇಕು. ಮುಖ ಅಷ್ಟೇ! ಒಳಗೆ ಮರದ ಚೌಕಟ್ಟೋ, ಕಾಂಕ್ರೀಟ್ ಇಟ್ಟಿಗೆಯೋ ಇದ್ದರೂ ಸೈ. ಮೇಲೆ ಸಿಮೆಂಟ್ ಗಾರೆ, ಅದಕ್ಕೆ ಮಣ್ಣಿನ ಬಣ್ಣ. ಗೋಡೆಯಿಂದ ಆಚೆ ಚಾಚಿರೋ ತೊಲೆಗಳಲ್ಲಿ ಕೆಲವು ಯಾವ ಮಾಳಿಗೆಯನ್ನೂ ಹೊರೋದಿಲ್ಲ, ಬರೀ ಪೋಸು ಕೊಡ್ತವೆ. ಜೇಡಿಮಣ್ಣು, ಮರಳು, ಹುಲ್ಲು ಕಲೆಸಿ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯ ಮನೆ ಕಟ್ಟಿಸೋದಕ್ಕೆ ಈಗ ಕೂಲಿಯೇ ದುಬಾರಿ. ಬಡವರ ಮನೆ ಶ್ರೀಮಂತರ ಷೋಕಿಯಾಗಿದೆ.

ಇಂಥ ಊರನ್ನ ಸಿನಿಮಾದವರು ಬಿಡ್ತಾರೆಯೇ? ಜೇಮ್ಸ್ ಸ್ಟೂವರ್ಟ್‌ನ 'ದಿ ಮ್ಯಾನ್ ಫ್ರಮ್ ಲಾರಮಿ' (1955) ಈ ಸುತ್ತಮುತ್ತಲಿನದು. ನಮ್ಮ ಹೃತಿಕ್ ರೋಷನ್‌ನ 'ಕೈಟ್ಸ್' (2010) ಕೂಡ ನ್ಯೂ ಮೆಕ್ಸಿಕೋ ಬಿಸಿಲು ಕಂಡದ್ದೇ. ಊರಾಚೆಯ ಬೊನಾಂಜಾ ಕ್ರೀಕ್ ಸೆಟ್ಟಿನಲ್ಲಿ 2021ರ ಅಕ್ಟೋಬರ್ 21ರಂದು 'ರಸ್ಟ್' ಚಿತ್ರದ ತಾಲೀಮು ನಡೀತಿದ್ದಾಗ, ನಿಜವಾದ ಗುಂಡಿಲ್ಲವೆಂದು ನಂಬಿದ್ದ ರಿವಾಲ್ವರಿನಿಂದಲೇ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಪ್ರಾಣ ಕಳಕೊಂಡರು. ಪಾಪ, ಗಂಡ, ಪುಟ್ಟ ಮಗ ಇದ್ದ ಹೆಣ್ಣುಮಗಳು.

ಕ್ಯಾನ್ಯನ್ ರಸ್ತೆಯಲ್ಲಿ ಸಾಲು ಸಾಲು ಚಿತ್ರಶಾಲೆಗಳು. ಬೆಲೆ ಕೇಳೋಕೆ ಹೋಗಬೇಡಿ, ಸುಮ್ಮನೆ ನೋಡಿ. ಕಲಾವಿದೆ ಜಾರ್ಜಿಯಾ ಓ'ಕೀಫ್ ಹೆಸರಿನ ಮ್ಯೂಸಿಯಂ (1997) ಮಾತ್ರ ತಪ್ಪಿಸಬೇಡಿ. ಈಕೆ 1949ರಲ್ಲಿ ನ್ಯೂಯಾರ್ಕ್ ಬಿಟ್ಟು ಈ ಸೀಮೆಗೇ ಬಂದು ನೆಲೆಸಿ, 98ನೇ ವಯಸ್ಸಿನಲ್ಲಿ, 1986ರಲ್ಲಿ, ಸ್ಯಾಂಟಾ ಫೆಯಲ್ಲೇ ಕಣ್ಮುಚ್ಚಿದರು.

ಈಕೆ ಬರೆದ ಒಂದು ಚರ್ಚು ಇದೆ ನೋಡಿ, ಅದೇ ನನ್ನ ಪಾಲಿಗೆ ಈ ಸೀಮೆಯ ನಿಜವಾದ ಸ್ಟಾರು! ಸ್ಯಾಂಟಾ ಫೆಯಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್, ರಾಂಚೋಸ್ ದೆ ತಾವೋಸ್ ಅನ್ನೋ ಹಳ್ಳಿ. 200 ವರ್ಷ ದಾಟಿದ ಮಣ್ಣಿನ ಗುಡಿ. ಮತ್ತೆ ಮತ್ತೆ ಮಣ್ಣು ಮೆತ್ತೋ ರಗಳೆ ಯಾಕೆ ಅಂತ 1967ರಲ್ಲಿ ಹೊರಗೋಡೆಗೆ ಸಿಮೆಂಟ್ ಹೊಡೆಸಿದರು. ನೋಡೋಕೆ ಗಟ್ಟಿಮುಟ್ಟು. ಆದರೆ ಸಿಮೆಂಟು ಬಿರುಕು ಬಿಟ್ಟು ನೀರು ಒಳಗಿಳೀತು; ಆಚೆ ಆರೋದಕ್ಕೆ ದಾರಿಯೇ ಇಲ್ಲ. ಒಳಗಿನ ಇಟ್ಟಿಗೆ ಕರಗತೊಡಗಿತು. ಹೊರಗೆ ಹೀರೋ, ಒಳಗೆ ಕ್ಷಯ! 1979ರಲ್ಲಿ ಊರವರು ಸಿಮೆಂಟನ್ನೆಲ್ಲಾ ಕಿತ್ತೆಸೆದು ಮತ್ತೆ ಮಣ್ಣಿಗೇ ಬಂದರು. ಅಲ್ಲಿಂದೀಚೆಗೆ ವರ್ಷಾ ವರ್ಷಾ ಬೇಸಿಗೆಯಲ್ಲಿ ಊರ ಜನ ಸೇರಿ ಮಣ್ಣು, ಹುಲ್ಲು ಕಲೆಸಿ ಬರಿಗೈಯಲ್ಲೇ ಮೆತ್ತುತ್ತಾರೆ. ಆ ಸೀಮೆಯಲ್ಲಿ ಗೋಡೆ ಸಾರಿಸೋ ಕಸುಬು ಹೆಂಗಸರದ್ದೇ. ಗದಗ, ಬಿಜಾಪುರದ ಕಡೆಯ ಅಕ್ಕಂದಿರಿಗೆ ಇದೇನು ಹೊಸದಲ್ಲ ಬಿಡಿ.

ಹೋದವರು ಮುಂಬಾಗಿಲಲ್ಲೇ ಫೋಟೋ ಹೊಡೆಸ್ಕೊಂಡು ಬಂದುಬಿಡಬೇಡಿ. ಓ'ಕೀಫ್ ಬರೆದದ್ದು, ಆನ್ಸೆಲ್ ಆ್ಯಡಮ್ಸ್ ಕ್ಯಾಮೆರಾ ಹಿಡಿದದ್ದು ಚರ್ಚಿನ ಬೆನ್ನಿಗೆ. ಅಲ್ಲಿ ಕಿಟಕಿಯಿಲ್ಲ, ಬಾಗಿಲಿಲ್ಲ. ಗುಡ್ಡದ ಹಾಗೆ ದುಂಡಗಿನ ಗೋಡೆ, ಅದರ ಮೇಲೆ ಜಾರೋ ಸಂಜೆ ಬಿಸಿಲು. ಹತ್ತಿರ ಹೋದರೆ ಹುಲ್ಲಿನ ಎಳೆಗಳು ಹೊಳೀತಿರೋದೂ ಕಾಣುತ್ತೆ.